ಒಂದೇ ಬೆಂಚಿನ ಮೇಲೆ

ಬೆಳಗಿನ ಏಳು ಗಂಟೆಯ ಹೊತ್ತಿಗೆ ದಾವಣಗೆರೆಯ ಹಳೆಯ ಪೇಟೆಯ ಬೀದಿಗಳಲ್ಲಿ ನಡೆದುಹೋಗುವವರಿಗೆ ಮೊದಲು ಎದುರಾಗುವುದು ಕಾದ ಬೆಣ್ಣೆಯ ಪರಿಮಳ. ಹೋಟೆಲಿನ ಫಲಕ ಕಾಣುವುದು ಆಮೇಲೆ. ಆ ಫಲಕವೂ ಎಷ್ಟೋ ಕಡೆ ಹೊಗೆಯಿಂದ ಕಪ್ಪಾಗಿ, ಅಕ್ಷರಗಳು ಮಸುಕಾಗಿರುತ್ತವೆ. ಒಳಗೆ ನಾಲ್ಕಾರು ಬೆಂಚುಗಳು, ಉದ್ದನೆಯ ಮೇಜು, ಗೋಡೆಯ ಮೇಲೊಂದು ದೇವರ ಪಟ, ಮೂಲೆಯಲ್ಲಿ ಸೌದೆಯ ಒಲೆ, ಅದರ ಮೇಲೆ ದಪ್ಪನಾದ ಕಬ್ಬಿಣದ ಹಂಚು. ಬಂದವರು ತೆರವಾದ ಜಾಗದಲ್ಲಿ ಕುಳಿತುಕೊಳ್ಳುತ್ತಾರೆ. ಮಾರುಕಟ್ಟೆಗೆ ಮೆಕ್ಕೆಜೋಳ ತಂದ ರೈತ, ಅದೇ ಜೋಳದ ಮೂಟೆಯನ್ನು ಬೆನ್ನ ಮೇಲೆ ಹೊರುವ ಹಮಾಲ, ನ್ಯಾಯಾಲಯಕ್ಕೆ ಹೊರಟ ವಕೀಲ, ಪುಸ್ತಕ ಹಿಡಿದ ವೈದ್ಯಕೀಯ ವಿದ್ಯಾರ್ಥಿ, ಇವರೆಲ್ಲರೂ ಒಂದೇ ಬೆಂಚಿನ ಮೇಲೆ ಮೊಣಕೈಗೆ ಮೊಣಕೈ ತಾಗಿಸಿಕೊಂಡು ದೋಸೆಗಾಗಿ ಕಾಯುತ್ತಿರುತ್ತಾರೆ. ಪಕ್ಕದಲ್ಲಿ ಕುಳಿತವನು ಯಾರೆಂದು ಯಾರೂ ವಿಚಾರಿಸುವುದಿಲ್ಲ.

ಊರಿನ ಹಿರಿಮೆಯನ್ನು ವರ್ಣಿಸುವವರು 1965ರಲ್ಲಿ ಸ್ಥಾಪಿತವಾದ ಜೆ. ಜೆ. ಎಂ. ವೈದ್ಯಕೀಯ ಕಾಲೇಜನ್ನೂ 2009ರಲ್ಲಿ ಆರಂಭವಾದ ವಿಶ್ವವಿದ್ಯಾನಿಲಯವನ್ನೂ ಅಭಿಮಾನದಿಂದ ಹೆಸರಿಸುತ್ತಾರೆ. ಹೋಟೆಲುಗಳ ಮಾತು ಬಂದರೆ ಅದು ರುಚಿಯ ಪ್ರಶಂಸೆಯಲ್ಲಿಯೇ ಮುಗಿದುಹೋಗುತ್ತದೆ. ಇದು ಸರಿಯಲ್ಲ. ಕಿಸೆಯಲ್ಲಿ ಅಲ್ಪ ಹಣವಿರುವವನು ಯಾರ ಮುಂದೆಯೂ ತಲೆತಗ್ಗಿಸದೆ ಕುಳಿತು ಉಣ್ಣಬಲ್ಲ ಸ್ಥಳವನ್ನು ಊರಿನ ಸಾರ್ವಜನಿಕ ಸಂಸ್ಥೆಗಳಲ್ಲಿ ಒಂದೆಂದೇ ಎಣಿಸತಕ್ಕದ್ದು. ಗ್ರಂಥಾಲಯಕ್ಕೆ ಸಲ್ಲುವ ಗೌರವದಲ್ಲಿ ಸ್ವಲ್ಪ ಪಾಲಾದರೂ ಅದಕ್ಕೆ ಸಲ್ಲಬೇಕು.

ದಾವಣಗೆರೆಯ ಬೆಣ್ಣೆ ದೋಸೆ ಹುಟ್ಟಿದ್ದು ಸಿರಿವಂತರ ಅಡುಗೆಮನೆಯಲ್ಲಲ್ಲ. ಊರಿನಲ್ಲಿ ಪ್ರಚಲಿತವಾಗಿರುವ ವೃತ್ತಾಂತದಂತೆ, 1928ರ ಸುಮಾರಿಗೆ ಬೆಳಗಾವಿ ಸೀಮೆಯಿಂದ ಮಕ್ಕಳೊಂದಿಗೆ ಬಂದು ನೆಲೆಸಿದ ಚೆನ್ನಮ್ಮ ಎಂಬುವರು ನಾಟಕ ಮಂದಿರವೊಂದರ ಬಳಿ ರಾಗಿಯ ದೋಸೆ ಮಾಡಿ ಮಾರತೊಡಗಿದರು. ಸುಮಾರು ಹತ್ತು ವರ್ಷಗಳ ತರುವಾಯ ಅವರ ಮಕ್ಕಳು ರಾಗಿಯನ್ನು ಬಿಟ್ಟು ಅಕ್ಕಿ, ಉದ್ದು, ಮಂಡಕ್ಕಿಗಳನ್ನು ರುಬ್ಬಿ, ಬೆಣ್ಣೆ ಹಾಕಿ ಬೇಯಿಸುವ ಕ್ರಮವನ್ನು ರೂಢಿಗೆ ತಂದರು. ಹೊಟ್ಟೆಪಾಡಿಗಾಗಿ ಹೂಡಿದ ಒಲೆಯೊಂದು ಒಂದು ನಗರಕ್ಕೇ ಹೆಸರು ತಂದುಕೊಟ್ಟಿತು. ಇಂದು ಬೆಂಗಳೂರು ಮೊದಲಾದ ನಗರಗಳ ಬೀದಿಗಳಲ್ಲಿಯೂ ಆ ಹೆಸರಿನ ಫಲಕಗಳು ತೂಗುತ್ತಿವೆ. ಬೆಣ್ಣೆಯೆಂದು ಹೇಳಿ ಬೇರೇನನ್ನೋ ಸುರಿಯುವವರೂ ಅವರಲ್ಲಿ ಇಲ್ಲದಿಲ್ಲ, ಅದು ಹಾಗಿರಲಿ.

ಈ ಹೋಟೆಲುಗಳಲ್ಲಿ ಬೆಲೆ ಕಡಿಮೆಯಿರುವುದಕ್ಕೆ ಕಾರಣವನ್ನು ಅವುಗಳ ಸರಳತೆಯಲ್ಲಿ ಹುಡುಕಬೇಕು. ತಿಂಡಿಗಳ ಉದ್ದನೆಯ ಪಟ್ಟಿ ಅಲ್ಲಿಲ್ಲ. ಬೆಣ್ಣೆ ದೋಸೆ, ಖಾಲಿ ದೋಸೆ, ಇನ್ನೊಂದೆರಡು ಬಗೆ. ಅದರೊಡನೆ ಬಿಳಿಯ ಕಾಯಿಚಟ್ನಿ, ಬೇಯಿಸಿ ಹಿಸುಕಿದ ಆಲೂಗಡ್ಡೆಯ ಪಲ್ಯ. ಸಾಂಬಾರು ಕೇಳಿದ ಪರಊರಿನವನನ್ನು ಬಡಿಸುವವನು ಕನಿಕರದಿಂದ ನೋಡುತ್ತಾನೆ. ಹಿಂದಿನ ರಾತ್ರಿ ರುಬ್ಬಿದ ಹಿಟ್ಟು ಮುಗಿದರೆ ಅಂದಿನ ವ್ಯಾಪಾರವೂ ಮುಗಿಯಿತು. ಉಳಿಸಿಟ್ಟು ಕೆಡಿಸುವ ಪ್ರಶ್ನೆಯೇ ಇಲ್ಲ. ತಿಂದವನು ಎದ್ದೊಡನೆ ಆ ಜಾಗದಲ್ಲಿ ಮತ್ತೊಬ್ಬ ಕೂರುತ್ತಾನೆ. ಒಂದು ದೋಸೆಯಲ್ಲಿ ದೊರೆಯುವ ಲಾಭ ಅತ್ಯಲ್ಪ, ದೋಸೆಗಳು ನೂರಾರು. ಸಂಜೆಯ ಮಂಡಕ್ಕಿ ಮತ್ತು ಮೆಣಸಿನಕಾಯಿ ಅಂಗಡಿಗಳ ಲೆಕ್ಕಾಚಾರವೂ ಇದೇ. ಮಂಡಕ್ಕಿ ಹುರಿಯುವ ಭಟ್ಟಿಗಳು ಊರಿನೊಳಗೇ ಇರುವುದರಿಂದ ಸರಕು ದೂರದಿಂದ ಬರಬೇಕಾಗಿಲ್ಲ. ಒಂದು ತಟ್ಟೆ ಒಗ್ಗರಣೆ ಮಂಡಕ್ಕಿ, ಬಿಸಿ ಎಣ್ಣೆಯಿಂದ ಆಗತಾನೆ ಎದ್ದ ಎರಡು ಮೆಣಸಿನಕಾಯಿ ಬಜ್ಜಿ, ಕೊನೆಯಲ್ಲಿ ಅರ್ಧ ಲೋಟ ಚಹ. ದಿನವಿಡೀ ದುಡಿದವನಿಗೆ ಅಷ್ಟೇ ಒಂದು ಸಂಭ್ರಮ.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದಲ್ಲಿ ಬಟ್ಟೆ ಗಿರಣಿಗಳ ಪಾಳಿ ಮುಗಿದಾಗ ಕಾರ್ಮಿಕರು ಬರುತ್ತಿದ್ದುದು ಇಂತಹ ಹೋಟೆಲುಗಳಿಗೇ. ಹೋಟೆಲುಗಳ ದಿನಚರಿಯನ್ನು ಗಿರಣಿಯ ಕೂಗು ನಿರ್ಧರಿಸುತ್ತಿತ್ತು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಗಿರಣಿಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. ಆದರೂ ಒಲೆಗಳು ಆರಲಿಲ್ಲ. ಕಾರ್ಮಿಕರು ಕುಳಿತಿದ್ದ ಬೆಂಚುಗಳ ಮೇಲೆ ವಿದ್ಯಾರ್ಥಿಗಳು ಬಂದು ಕುಳಿತರು. ತಿಂಗಳ ಲೆಕ್ಕದಲ್ಲಿ ಊಟವಿಕ್ಕುವ ಖಾನಾವಳಿಗಳೂ ಹಾಗೆಯೇ ಉಳಿದುಕೊಂಡವು. ಹಳ್ಳಿಯಿಂದ ಮಗನನ್ನು ಓದಲು ಕಳುಹಿಸುವ ತಾಯಿಗೆ, ಅಲ್ಲಿ ರೊಟ್ಟಿ ತಟ್ಟುವ ಹೆಂಗಸೊಬ್ಬಳು ಇದ್ದಾಳೆಂಬುದೇ ದೊಡ್ಡ ಧೈರ್ಯ.

ಬೆಲೆ ಕಡಿಮೆಯಾದ ಮಾತ್ರಕ್ಕೆ ಎಲ್ಲರೂ ಒಂದೆಡೆ ಕೂರುವರೆಂದು ಭಾವಿಸುವಂತಿಲ್ಲ. ದೋಸೆಗೆ ಕೊಡುವ ಕಾಸು ಕೈಯಲ್ಲಿದ್ದರೂ ಬಾಗಿಲ ಹೊರಗೆ ನಿಲ್ಲಬೇಕಾಗಿದ್ದ ಜನರು ಈ ನಾಡಿನಲ್ಲಿ ಲಕ್ಷಾಂತರವಾಗಿದ್ದರು. ಜಾತಿಗೊಂದು ಕೋಣೆ, ಜಾತಿಗೊಂದು ಲೋಟ ಎಂಬುದು ಒಂದು ಕಾಲದಲ್ಲಿ ಹೋಟೆಲುಗಳ ನಡುವೆ ಸಾಮಾನ್ಯ ಪದ್ಧತಿಯಾಗಿತ್ತು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯಲ್ಲಿ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳ ಹೆಸರನ್ನೇ ಎತ್ತಿ, ಧರ್ಮ ಜಾತಿಗಳ ಕಾರಣದಿಂದ ಅಲ್ಲಿಗೆ ಯಾರಿಗೂ ಪ್ರವೇಶ ತಪ್ಪಕೂಡದೆಂದು ವಿಧಿಸಲಾಗಿದೆ. ದೇಶದ ಪರಮೋಚ್ಚ ಶಾಸನವನ್ನು ರಚಿಸಲು ಕುಳಿತ ಮಹನೀಯರು ಹೋಟೆಲನ್ನು ಅಷ್ಟು ಮುಖ್ಯವೆಂದು ತಿಳಿದುದು ಸುಮ್ಮನೆ ಅಲ್ಲ. ಹಸಿದವನನ್ನು ಬಾಗಿಲಲ್ಲಿ ತಡೆಯುವುದಕ್ಕಿಂತ ದೊಡ್ಡ ಅವಮಾನ ಯಾವುದಿದೆ? 1955ರಲ್ಲಿ ಅಸ್ಪೃಶ್ಯತೆಯ ಆಚರಣೆಯನ್ನು ದಂಡನೀಯವಾಗಿಸಿದ ಕಾಯಿದೆಯೂ ಬಂದಿತು. ಕಾಯಿದೆ ಬಂದ ಮೇಲೂ ಬೇರೆ ಲೋಟ ಇಡುವ ಚಹದಂಗಡಿಗಳು ಹಳ್ಳಿಗಳಲ್ಲಿ ಉಳಿದವು.

ದಾವಣಗೆರೆಯಿಂದ 14 ಕಿಲೋಮೀಟರು ದೂರದ ಹರಿಹರದಲ್ಲಿ ಈ ಮಾತು ಇನ್ನಷ್ಟು ಮನಸ್ಸಿಗೆ ತಟ್ಟುತ್ತದೆ. ತುಂಗಭದ್ರೆಯ ದಡದ ಆ ಊರಿನಲ್ಲಿ ಹೊಯ್ಸಳರ ಕಾಲಕ್ಕೆ ಸೇರಿದ ಹರಿಹರೇಶ್ವರ ದೇವಾಲಯವಿದೆ. ಒಂದೇ ವಿಗ್ರಹದಲ್ಲಿ ಅರ್ಧ ಹರಿ, ಅರ್ಧ ಹರ. ದೇವರುಗಳು ಎಂಟು ನೂರು ವರ್ಷಗಳ ಹಿಂದೆಯೇ ಒಂದಾಗಿ ನಿಂತರು. ಅವರ ಭಕ್ತರಿಗೆ ಒಂದೇ ಬೆಂಚಿನ ಮೇಲೆ ಕೂರುವುದಕ್ಕೆ ಇಪ್ಪತ್ತನೆಯ ಶತಮಾನ ಬರಬೇಕಾಯಿತು. 1941ರಲ್ಲಿ ಇಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತು ಯಂತ್ರಗಳು ತಯಾರಾಗುತ್ತಿದ್ದವು. ನಾನಾ ಊರುಗಳಿಂದ ನಾನಾ ಜಾತಿಯ ಜನರು ಕೆಲಸಕ್ಕೆ ಬಂದರು. ಯಂತ್ರದ ಮುಂದೆ ಅಕ್ಕಪಕ್ಕದಲ್ಲಿ ನಿಂತು, ಎಣ್ಣೆ ಮೆತ್ತಿದ ಕೈ ತೊಳೆದುಕೊಂಡು ಬಂದವರು ಚಹದಂಗಡಿಯಲ್ಲಿ ದೂರ ದೂರ ಕೂರುವುದು ಹೇಗೆ ಸಾಧ್ಯ? ಕಾಯಿದೆ ಬಾಗಿಲನ್ನು ತೆರೆಯಿತು. ಒಳಗೆ ಕರೆತಂದು ಕೂರಿಸಿದ್ದು ದುಡಿಮೆ. ಕಾರ್ಖಾನೆ ಈಗ ಇಲ್ಲ. ಆದರೆ ಹಾಗೆ ಬಂದ ರೂಢಿ ಮತ್ತೆ ಹಿಂದಕ್ಕೆ ಹೋಗಿಲ್ಲ.

ಈಚಿನ ವರ್ಷಗಳಲ್ಲಿ ದಾವಣಗೆರೆಯ ಹೊಸ ಬಡಾವಣೆಗಳಲ್ಲಿ ಮತ್ತೊಂದು ಬಗೆಯ ಉಪಾಹಾರ ಗೃಹಗಳು ತಲೆಯೆತ್ತಿವೆ. ಅವುಗಳಿಗೆ ಕೆಫೆ ಎಂದು ಹೆಸರು. ಮೆತ್ತನೆಯ ಆಸನ, ತಂಪಾದ ಗಾಳಿ, ಮಂದವಾದ ದೀಪ. ಪಟ್ಟಿಯಲ್ಲಿ ಇಟಲಿಯ ಪಾಸ್ತಾ, ಪಿಜ್ಜಾಗಳಿಗೆ ಅಗ್ರಸ್ಥಾನ. ಇವನ್ನು ಕಂಡೊಡನೆ ಸಂಸ್ಕೃತಿ ಕೆಟ್ಟಿತೆಂದು ಕೂಗುವ ಹಿರಿಯರಿದ್ದಾರೆ. ಆ ಕೂಗಿನಲ್ಲಿ ಹುರುಳಿಲ್ಲ. ಆಲೂಗಡ್ಡೆಯೂ ಮೆಣಸಿನಕಾಯಿಯೂ ಸಾಗರದಾಚೆಯಿಂದ ಬಂದವುಗಳೇ. ಅವಿಲ್ಲದೆ ದೋಸೆಯ ಪಲ್ಯವೆಲ್ಲಿ, ಸಂಜೆಯ ಬಜ್ಜಿಯೆಲ್ಲಿ? ಪಾಸ್ತಾ ಎಂಬುದಾದರೂ ಅಷ್ಟೇನೂ ಅಪರಿಚಿತವಲ್ಲ. ಗೋಧಿಯ ಹಿಟ್ಟನ್ನು ನಾದಿ, ಎಳೆ ತೆಗೆದು ಒಣಗಿಸುವ ಶಾವಿಗೆಯ ದೂರದ ಬಂಧು ಅದು. ಅದರ ಪೂರ್ವಚರಿತ್ರೆಯನ್ನು ಅರಿತರೆ ಕೆಫೆಗೆ ಹೋಗಿಬಂದುದನ್ನೇ ಒಂದು ಪದವಿಯೆಂದು ಭಾವಿಸುವ ತರುಣರಿಗೆ ಆಶ್ಚರ್ಯವಾದೀತು. ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ ಇಟಲಿಯ ನೇಪಲ್ಸ್ ನಗರದ ಬೀದಿಗಳಲ್ಲಿ ದೊಡ್ಡ ಕಡಾಯಿಗಳಲ್ಲಿ ಪಾಸ್ತಾ ಬೇಯಿಸಿ ಮಾರುತ್ತಿದ್ದರು. ಬಡವರು ನಿಂತಲ್ಲಿಯೇ, ಮೇಲೆ ಉದುರಿಸಿದ ಗಿಣ್ಣಿನೊಡನೆ, ಬರಿಗೈಯಿಂದ ಅದನ್ನು ಎತ್ತಿ ತಿನ್ನುತ್ತಿದ್ದರು. ಅಂದರೆ ಅದು ಆ ಊರಿನ ಮಂಡಕ್ಕಿ.

ಆಕ್ಷೇಪಣೆಯಿರುವುದು ತಿನಿಸಿನ ಬಗೆಗಲ್ಲ, ಬಾಗಿಲಿನ ಬಗೆಗೆ. ಎರಡು ಮೂರು ಹೊತ್ತಿನ ತಿಂಡಿಯ ಹಣವನ್ನು ಒಂದು ತಟ್ಟೆಗೆ ಕೇಳುವ ಕಡೆ, ಹಮಾಲನೂ ವಕೀಲನೂ ಜೊತೆಯಲ್ಲಿ ಕೂರಲಾರರು. ಅಲ್ಲಿ ಯಾರೂ ಯಾರನ್ನೂ ತಡೆಯುವುದಿಲ್ಲ, ಯಾರ ಜಾತಿಯನ್ನೂ ಕೇಳುವುದಿಲ್ಲ. ಬೆಲೆಯ ಪಟ್ಟಿಯೇ ಆ ಕೆಲಸವನ್ನು ಸದ್ದಿಲ್ಲದೆ ಮಾಡಿಬಿಡುತ್ತದೆ. ಹಳ್ಳಿಯಿಂದ ಓದಲು ಬಂದ ಹುಡುಗ ಗೆಳೆಯರ ಒತ್ತಾಯಕ್ಕೆ ಅಲ್ಲಿಗೆ ಹೋಗಿ, ಹಸಿವಿಲ್ಲವೆಂದು ಸುಳ್ಳು ಹೇಳಿ ನೀರು ಕುಡಿದು ಕುಳಿತಿದ್ದರೆ, ಅವನ ಸಂಕಟವನ್ನು ಆ ಮಂದವಾದ ದೀಪ ಮುಚ್ಚಿಡುತ್ತದೆ. ನೇಪಲ್ಸಿನ ಕಡಾಯಿಯಂತೆ ಪಾಸ್ತಾವನ್ನೂ ಹತ್ತಾರು ಜನರಿಗೆ ಎಟಕುವ ಬೆಲೆಗೆ, ಬೆಂಚಿನ ಮೇಲೆ ಕೂರಿಸಿ ಕೊಡುವವನೊಬ್ಬ ದಾವಣಗೆರೆಯಲ್ಲಿ ಹುಟ್ಟಿಕೊಂಡರೆ ಅವನನ್ನು ಸ್ವಾಗತಿಸಲು ಅಡ್ಡಿಯೇನೂ ಇಲ್ಲ. 2017ರಲ್ಲಿ ಬೆಂಗಳೂರಿನಲ್ಲಿ ಸರ್ಕಾರ ಆರಂಭಿಸಿ ಬಳಿಕ ಇತರ ಊರುಗಳಿಗೂ ವಿಸ್ತರಿಸಿದ ಇಂದಿರಾ ಕ್ಯಾಂಟೀನುಗಳಲ್ಲಿ ಆರಂಭದಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ದೊರೆಯುತ್ತಿತ್ತು. ಅದರ ಉಪಕಾರ ಸಣ್ಣದಲ್ಲ. ಆದರೂ ಸರ್ಕಾರದ ಸಹಾಯಧನದಿಂದ ನಡೆಯುವುದು ಬೇರೆ. ಯಾರ ಹಂಗೂ ಇಲ್ಲದೆ ಹಿಟ್ಟು ರುಬ್ಬಿ, ಒಲೆ ಹೊತ್ತಿಸಿ, ಲಾಭದಲ್ಲಿಯೇ ನಡೆಯುವ ಬೀದಿಯ ಹೋಟೆಲು ಬೇರೆ.

ಅಗ್ಗದ ಹೋಟೆಲನ್ನು ಹೊಗಳುವವರು ಅದರ ಹಿತ್ತಿಲ ಕಡೆಗೂ ಒಮ್ಮೆ ಹೋಗಿ ನೋಡಬೇಕು. ಸೌದೆಯ ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡು ಹಂಚಿನ ಮುಂದೆ ಗಂಟೆಗಟ್ಟಲೆ ನಿಲ್ಲುವವರು, ನೀರಿನಲ್ಲಿ ಕೈ ನೆನೆಸಿಕೊಂಡು ತಟ್ಟೆ ತೊಳೆಯುವವರು ಅಲ್ಲಿರುತ್ತಾರೆ. ಒಂಬತ್ತನೆಯ ತರಗತಿಯಲ್ಲಿ ಕುಳಿತಿರಬೇಕಾದ ವಯಸ್ಸಿನವರು, ಅದಕ್ಕಿಂತಲೂ ಚಿಕ್ಕವರು ಮೇಜು ಒರೆಸುತ್ತಿದ್ದ ದೃಶ್ಯ ಒಂದು ಕಾಲದಲ್ಲಿ ಹೋಟೆಲುಗಳಲ್ಲಿ ಸರ್ವೇಸಾಮಾನ್ಯವಾಗಿತ್ತು. ಬಾಲಕಾರ್ಮಿಕರ ಬಗೆಗಿನ ಕಾಯಿದೆ 1986ರಲ್ಲಿಯೇ ಬಂದಿದ್ದರೂ ಹೋಟೆಲುಗಳಲ್ಲಿ 14 ವರ್ಷದೊಳಗಿನ ಮಕ್ಕಳ ದುಡಿಮೆ ನಿಷಿದ್ಧವಾದುದು 2006ರ ಅಕ್ಟೋಬರ್ 10ರಿಂದ. ಸರಳತೆಯಿಂದ ಬಂದ ಅಗ್ಗ ನ್ಯಾಯವಾದುದು. ಹುಡುಗನೊಬ್ಬನ ಶಾಲೆ ತಪ್ಪಿಸಿ ಉಳಿಸಿದ ಕಾಸಿನಿಂದ ಬಂದ ಅಗ್ಗವನ್ನು ಯಾವ ಬೆಣ್ಣೆಯೂ ರುಚಿಯಾಗಿಸಲಾರದು. ಬೆಂಚಿನ ಮೇಲೆ ಕುಳಿತವರೆಲ್ಲರೂ ಸಮಾನರಾದರೆ ಸಾಲದು. ಬೆಂಚನ್ನು ಒರೆಸುವವನೂ ಕೆಲಸ ಮುಗಿದ ಮೇಲೆ ಅದೇ ಬೆಂಚಿನ ಮೇಲೆ ಕುಳಿತು ಬಿಸಿ ದೋಸೆ ತಿನ್ನುವಂತಿರಬೇಕು.

ಉದ್ದು, ಬೆಣ್ಣೆ, ಸೌದೆ ಎಲ್ಲದರ ಬೆಲೆಯೂ ಏರುತ್ತಿರುವಾಗ ಹೋಟೆಲಿನವನು ಏನು ಮಾಡಬೇಕು? ಅನೇಕರು ಬೆಲೆಯನ್ನು ಹಾಗೆಯೇ ಇಟ್ಟು ದೋಸೆಯ ಸುತ್ತಳತೆಯನ್ನು ಕುಗ್ಗಿಸುತ್ತಾರೆ. ಅದಕ್ಕಿಂತ ಒಂದೆರಡು ರೂಪಾಯಿ ಹೆಚ್ಚು ಪಡೆದು, ಅದರಲ್ಲಿ ಒಂದು ಪಾಲು ತಟ್ಟೆ ತೊಳೆಯುವವರ ಕೂಲಿಗೆ ಸೇರುವಂತೆ ಮಾಡುವುದು ಮೇಲು. ಗಿರಾಕಿಗಳು ಮೊದಲ ದಿನ ಗೊಣಗುವರು. ಮರುದಿನ ಬೆಳಿಗ್ಗೆ ಏಳಕ್ಕೆ ಮತ್ತೆ ಅಲ್ಲಿಯೇ ಬಂದು, ಜಾಗ ಸ್ವಲ್ಪ ಮಾಡಿಕೊಡಿರೆಂದು ಪಕ್ಕದವರನ್ನು ಕೇಳುವರು.