ಬೀದಿಗೆ ಬಿದ್ದ ಯೋಧ ಮತ್ತು ನಗರದ ಹೊಣೆ

ದೇಶಕ್ಕಾಗಿ ಗಡಿಯಾಚೆ ಹೋರಾಡಿ ಬಂದವರು ಸ್ವದೇಶದ ಸೇತುವೆಗಳ ಕೆಳಗೆ, ಹಳೆಯ ಕಾರುಗಳೊಳಗೆ, ಪಾದಚಾರಿ ಮಾರ್ಗಗಳ ಮೇಲೆ ರಾತ್ರಿ ಕಳೆಯಬೇಕಾದ ಸ್ಥಿತಿ ಯಾವ ನಾಡಿಗೂ ಶೋಭೆ ತರುವಂಥದಲ್ಲ. ಸಿರಿವಂತ ರಾಷ್ಟ್ರವಾದ ಅಮೆರಿಕ ಈ ಸ್ಥಿತಿಯನ್ನು ದಶಕಗಳಿಂದ ಕಾಣುತ್ತ ಬಂದಿದೆ. ಅಲ್ಲಿ ಜನವರಿ ತಿಂಗಳ ಒಂದು ರಾತ್ರಿ ವಸತಿಹೀನರ ಎಣಿಕೆ ನಡೆಯುತ್ತದೆ. 2010ರ ಎಣಿಕೆಯಲ್ಲಿ ಸುಮಾರು 74,000 ಮಾಜಿ ಸೈನಿಕರು ವಸತಿಹೀನರಾಗಿದ್ದರು. 2024ರಲ್ಲಿ ಆ ಸಂಖ್ಯೆ 32,882ಕ್ಕೆ ಇಳಿಯಿತು. ಇದೇ ಅವಧಿಯಲ್ಲಿ ಆ ದೇಶದ ಒಟ್ಟು ವಸತಿಹೀನರ ಸಂಖ್ಯೆ ಮಾತ್ರ ಸುಮಾರು 6.37 ಲಕ್ಷದಿಂದ 7.71 ಲಕ್ಷಕ್ಕೆ ಏರಿತು. ಬಾಡಿಗೆಯ ಭಾರ ಎಲ್ಲರ ಮೇಲೂ ಬಿದ್ದಿರುವಾಗ ಯೋಧರ ಪಾಲಿಗೆ ಮಾತ್ರ ಈ ಇಳಿಕೆ ಹೇಗೆ ಸಾಧ್ಯವಾಯಿತು? ಈ ಪ್ರಶ್ನೆಯನ್ನು ನಾವು ಗಂಭೀರವಾಗಿ ಪರಿಶೀಲಿಸಬೇಕಾಗಿದೆ.

ಮೊದಲ ಕಾರಣ ಹಣ. ಅಲ್ಲಿನ ಕೇಂದ್ರ ಸರ್ಕಾರದ ವಸತಿ ಇಲಾಖೆ ಮತ್ತು ಮಾಜಿ ಸೈನಿಕರ ಇಲಾಖೆಗಳೆರಡೂ ಸೇರಿ 2008ರಿಂದ ಬಾಡಿಗೆ ವೋಚರುಗಳನ್ನು ದೊಡ್ಡ ಪ್ರಮಾಣದಲ್ಲಿ ನೀಡುತ್ತಿವೆ. ಫಲಾನುಭವಿಯು ತನ್ನ ಆದಾಯದ ಸುಮಾರು ಶೇ. 30ರಷ್ಟನ್ನು ಬಾಡಿಗೆಗೆ ಕೊಟ್ಟರೆ ಉಳಿದುದನ್ನು ವೋಚರ್ ಭರಿಸುತ್ತದೆ. ಅದರ ಜೊತೆಗೆ ಚಿಕಿತ್ಸೆ, ಸಲಹೆ, ಮೇಲ್ವಿಚಾರಣೆಗಳೂ ದೊರೆಯುತ್ತವೆ. ಮದ್ಯವ್ಯಸನ ಬಿಟ್ಟ ಮೇಲೆ, ಉದ್ಯೋಗ ಸಿಕ್ಕ ಮೇಲೆ ಮನೆ ಎಂಬ ಹಳೆಯ ಕ್ರಮವನ್ನು ಬದಿಗಿರಿಸಿ, ಮೊದಲು ಮನೆ, ಅನಂತರ ಉಳಿದ ಚಿಕಿತ್ಸೆ ಎಂಬ ತತ್ತ್ವವನ್ನು ಈ ಯೋಜನೆ ಅನುಸರಿಸಿತು.

ಆದರೆ ರಾಜಧಾನಿಯಿಂದ ಬಂದ ಹಣ ಬೀದಿಯಲ್ಲಿ ಮಲಗಿದವನನ್ನು ತಾನಾಗಿಯೇ ತಲುಪುವುದಿಲ್ಲ. ಆಸ್ಪತ್ರೆ ಒಬ್ಬರದು, ವೋಚರ್ ಮತ್ತೊಬ್ಬರದು, ತಂಗುದಾಣ ಮಗದೊಬ್ಬರದು. ಇವರೆಲ್ಲರನ್ನೂ ಒಂದೆಡೆ ಕೂಡಿಸುವ ಅಧಿಕಾರ ಮತ್ತು ನೈತಿಕ ಬಲ ನಗರದ ಮೇಯರರಿಗೆ ಇದೆ. 2014ರ ಜೂನ್‌ನಲ್ಲಿ ಮಿಶೆಲ್ ಒಬಾಮ ಅವರು ಮೇಯರರಿಗೆ ಈ ಸವಾಲನ್ನು ಮುಂದಿಟ್ಟಾಗ ನ್ಯೂ ಆರ್ಲಿಯನ್ಸ್‌ನ ಮೇಯರ್ ಮಿಚ್ ಲ್ಯಾಂಡ್ರಿಯು ಅದನ್ನು ಸ್ವೀಕರಿಸಿದರು. ಸೇವೆಯಲ್ಲಿದ್ದ ಸೈನಿಕರೂ ನಿವೃತ್ತರೂ ಸ್ವಯಂಸೇವಕರಾಗಿ ಬೀದಿಗಿಳಿದು ತಮ್ಮವರನ್ನು ಹುಡುಕಿದರು; ಹೆಸರುಗಳ ಪಟ್ಟಿ ಸಿದ್ಧವಾಯಿತು. 2015ರ ಜನವರಿಯ ಹೊತ್ತಿಗೆ 227 ಮಂದಿಗೆ ಮನೆ ದೊರೆತುದನ್ನು ಆ ನಗರ ಘೋಷಿಸಿತು. ಅದೇ ವರ್ಷ ಅನೀಸ್ ಪಾರ್ಕರ್ ಅವರು ಮೇಯರ್ ಆಗಿದ್ದ ಹ್ಯೂಸ್ಟನ್ ನಗರ, ಸುಮಾರು ಮೂರು ವರ್ಷಗಳಲ್ಲಿ 3,600ಕ್ಕೂ ಹೆಚ್ಚು ಮಾಜಿ ಸೈನಿಕರಿಗೆ ನೆಲೆ ಕಲ್ಪಿಸಿತ್ತು.

ಈ ನಗರಗಳ ಯಶಸ್ಸಿನ ತಿರುಳು ಆ ಹೆಸರುಗಳ ಪಟ್ಟಿಯಲ್ಲಿದೆ ಎಂದು ನಾವು ಭಾವಿಸುತ್ತೇವೆ. ಪಂಕ್ತಿಯಲ್ಲಿ ಕುಳಿತವರಿಗೆ ಹೆಸರು ಕೇಳದೆ ಬಡಿಸುವುದೇ ಧರ್ಮ. ಆದರೆ ಸೂರು ಒದಗಿಸುವ ಕಾರ್ಯದಲ್ಲಿ ಹೆಸರು ಕೇಳಲೇಬೇಕು. ಅವನ ಕಾಯಿಲೆ ಏನು, ಸೇವಾದಾಖಲೆ ಎಲ್ಲಿದೆ, ಅವನ ಅರ್ಜಿ ಯಾರ ಮೇಜಿನ ಮೇಲೆ ನಿಂತಿದೆ ಎಂಬುದನ್ನು ಅರಿಯಲೇಬೇಕು. ಸಂಖ್ಯೆಯಾಗಿ ಉಳಿದವನ ಹೊಣೆ ಯಾರದೂ ಆಗದು.

ಮೇಯರರ ಎರಡನೆಯ ಕೆಲಸ ಮನೆ ಮಾಲೀಕರ ಮನವೊಲಿಕೆ. ವೋಚರ್ ಕೈಯಲ್ಲಿದ್ದರೂ ಅದನ್ನು ಒಪ್ಪುವ ಮಾಲೀಕ ಸಿಗದಿದ್ದರೆ ಅದು ಬರಿಯ ಕಾಗದ. ವೋಚರ್ ತಂದವರಿಗೆ ಮನೆ ನಿರಾಕರಿಸಬಾರದೆಂದು ನಗರಗಳು ನಿಯಮ ಮಾಡುವುದನ್ನು ಟೆಕ್ಸಾಸ್ ರಾಜ್ಯ 2015ರಲ್ಲಿ ನಿಷೇಧಿಸಿತು. ಆದರೆ ಅದೇ ಕಾನೂನು ಮಾಜಿ ಸೈನಿಕರ ರಕ್ಷಣೆಗಾಗಿ ಅಂಥ ನಿಯಮ ಮಾಡಲು ಅವಕಾಶ ಉಳಿಸಿತು. ಯೋಧನ ವಿಷಯದಲ್ಲಿ ವಿರೋಧಿ ಪಕ್ಷಗಳೂ ಒಂದಾಗಬಲ್ಲವು ಎಂಬುದಕ್ಕೆ ಇದು ನಿದರ್ಶನ.

ಮೂರನೆಯದು, ಕಣ್ಣಿಗೆ ಬಿದ್ದ ಅನ್ಯಾಯವನ್ನು ಮೇಲಿನವರಿಗೆ ತಿಳಿಸುವುದು. ಯುದ್ಧದಲ್ಲಿ ಅಂಗವೈಕಲ್ಯ ಹೊಂದಿದವರಿಗೆ ಸಿಗುವ ಪರಿಹಾರಧನವನ್ನು ಆದಾಯವೆಂದು ಲೆಕ್ಕ ಹಾಕಿದ್ದರಿಂದ, ಹೆಚ್ಚು ಗಾಯಗೊಂಡವರೇ ಆದಾಯದ ಮಿತಿ ಮೀರಿ ಕೆಲವು ವಸತಿಗಳಿಗೆ ಅನರ್ಹರಾಗುತ್ತಿದ್ದರು. ಇದನ್ನು ಬದಲಿಸಬೇಕೆಂದು ಒತ್ತಾಯಿಸಿದವರಲ್ಲಿ ಲಾಸ್ ಏಂಜಲೀಸ್‌ನ ಮೇಯರ್ ಕರೆನ್ ಬಾಸ್ ಒಬ್ಬರು. 2024ರ ಆಗಸ್ಟ್‌ನಲ್ಲಿ ವಸತಿ ಇಲಾಖೆ ನಿಯಮವನ್ನು ತಿದ್ದಿತು.

ಈಗ ಅಲ್ಲಿನ ನಗರಗಳು ಕವಲುದಾರಿಯಲ್ಲಿ ನಿಂತಿವೆ. ಬಯಲಿನಲ್ಲಿ ಮಲಗುವವರನ್ನು ದಂಡಿಸಲು ನಗರಗಳಿಗೆ ಅಧಿಕಾರವಿದೆ ಎಂದು ಸುಪ್ರೀಂ ಕೋರ್ಟ್ 2024ರ ಜೂನ್‌ನಲ್ಲಿ ಗ್ರಾಂಟ್ಸ್ ಪಾಸ್ ಪ್ರಕರಣದಲ್ಲಿ ತೀರ್ಪಿತ್ತಿತು. ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರ 2025ರ ಜುಲೈ ಆದೇಶವು ‘ಮೊದಲು ಮನೆ’ ನೀತಿಗಿದ್ದ ಬೆಂಬಲವನ್ನು ಕೊನೆಗಾಣಿಸಲು ಸೂಚಿಸಿತು. ಮನೆ ಕೊಟ್ಟ ಮಾತ್ರಕ್ಕೆ ವ್ಯಸನ ತೊಲಗದು ಎಂಬ ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದ್ದರಿಂದಲೇ ಯೋಧರ ಯೋಜನೆಯಲ್ಲಿ ವೋಚರ್ ಜೊತೆಗೆ ಚಿಕಿತ್ಸೆಯೂ ಸೇರಿದೆ. ದಂಡದ ಚೀಟಿಯಾದರೋ ಮಲಗಿದವನನ್ನು ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಅಟ್ಟುತ್ತದೆ; ಪಟ್ಟಿಯಲ್ಲಿದ್ದ ಹೆಸರು ಮತ್ತೆ ಕಳೆದುಹೋಗುತ್ತದೆ.

ಒಮ್ಮೆ ಗುರಿ ಮುಟ್ಟಿದೆವೆಂದು ಘೋಷಿಸಿದರೆ ಕೆಲಸ ಮುಗಿಯುವುದಿಲ್ಲ ಎಂಬುದನ್ನೂ ಮರೆಯಲಾಗದು. ಪ್ರತಿ ತಿಂಗಳೂ ಹೊಸಬರು ಬೀದಿಗೆ ಬೀಳುತ್ತಾರೆ. ಅವರನ್ನು ಶೀಘ್ರವಾಗಿ ಗುರುತಿಸಿ ಮನೆಗೆ ಸೇರಿಸುವ ವ್ಯವಸ್ಥೆ ಸದಾ ಎಚ್ಚರವಾಗಿರಬೇಕು. ಮೇಯರ್ ಬದಲಾದರೂ ಪಟ್ಟಿ ಉಳಿಯಬೇಕು.

ಅಮೆರಿಕದ ನಗರಗಳಲ್ಲಿ ನೆಲೆಸಿ ನಮ್ಮ ಬರಹಗಳನ್ನು ಓದುತ್ತಿರುವ ಬಂಧುಗಳಲ್ಲಿ ಕೆಲವರಿಗೆ ಬಾಡಿಗೆಗೆ ಕೊಡುವ ಮನೆಗಳಿರಬಹುದು. ಅವರಲ್ಲಿ ನಮ್ಮದೊಂದು ಬಿನ್ನಹವಿದೆ. ವೋಚರ್ ಹಿಡಿದು ಮಾಜಿ ಯೋಧರೊಬ್ಬರು ಬಾಗಿಲಿಗೆ ಬಂದಾಗ, ಕಾಗದಪತ್ರದ ತೊಡಕಿಗೆ ಅಂಜಿ ಹಿಂದೆ ಕಳುಹಿಸದಿರಿ. ನಗರದ ನಾಯಕರು ಸಿದ್ಧಪಡಿಸಿದ ಪಟ್ಟಿ ಕೊನೆಗೆ ಬಂದು ನಿಲ್ಲುವುದು ಒಬ್ಬ ಮಾಲೀಕನ ಹೊಸ್ತಿಲಲ್ಲಿ.