ಪ್ಯಾಕೇಜ್ ಎಷ್ಟು ಅಂತ ಕೇಳುವ ಮೊದಲು

ನಾನೀಗ ಬಿ.ಇ. ಸಿವಿಲ್, ಆರನೇ ಸೆಮಿಸ್ಟರ್. ಮನೆ ಬಂಗಾರಪೇಟೆ, ಕಾಲೇಜು ಕೆಜಿಎಫ್‌. ಮದುವೆ ಮನೆಗೆ ಹೋದರೂ, ಪಾನಿಪುರಿ ಗಾಡಿ ಮುಂದೆ ನಿಂತರೂ (ನಮ್ಮೂರ ಪಾನಿಪುರಿ ನೀರು ಹಸಿರಲ್ಲ, ತಿಳಿ. ತಿನ್ನದವರು ಒಮ್ಮೆ ಬನ್ನಿ) ಕೇಳುವುದು ಒಂದೇ: 'ಪ್ಲೇಸ್‌ಮೆಂಟ್ ಆಯ್ತಾ? ಪ್ಯಾಕೇಜ್ ಎಷ್ಟು?' ಸಿವಿಲ್ ಅಂದರೆ ಮುಗೀತು, 'ಯಾವುದಾದ್ರೂ ಸಾಫ್ಟ್‌ವೇರ್ ಕೋರ್ಸ್ ಮಾಡ್ಕೊಳ್ಳಮ್ಮ' ಎಂಬ ಸಲಹೆ ಬಂದೇ ಬರುತ್ತದೆ.

ದುಡ್ಡು ಮುಖ್ಯ ಅಲ್ಲ ಎಂದು ಭಾಷಣ ಮಾಡುವ ಧೈರ್ಯ ನನಗಿಲ್ಲ. 2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಮುಚ್ಚಿದಾಗ ತಾತನ ಸಂಬಳ ನಿಂತಿತು. ಅಪ್ಪ ಡಿಪ್ಲೊಮಾ ಅರ್ಧಕ್ಕೆ ಬಿಟ್ಟು ಬೆಂಗಳೂರಿನ ರೈಲು ಹತ್ತಿದರು. ಇವತ್ತಿಗೂ ಹತ್ತುತ್ತಲೇ ಇದ್ದಾರೆ. ಕತ್ತಲಲ್ಲಿ ಹೊರಟು ಕತ್ತಲಲ್ಲಿ ಬರುತ್ತಾರೆ. ಚಿಕ್ಕವಳಿದ್ದಾಗ ಅಪ್ಪ ಎಂದರೆ ನನಗೆ ಭಾನುವಾರ ಮಾತ್ರ ಕಾಣುವ ಮನುಷ್ಯ. ನನ್ನ ಫೀಸು ಕಟ್ಟಿದ್ದು ಆ ರೈಲೇ, ಅದನ್ನು ಮರೆತಿಲ್ಲ.

ಆದರೆ ಕಾಲೇಜಿಗೆ ಹೋಗುವಾಗ ಸೈನೈಡ್ ದಿಬ್ಬ ಕಾಣುತ್ತದಲ್ಲ, ಅದು ನನ್ನ ತಲೆ ಕೆಡಿಸಿದೆ. ಸಿನಿಮಾ ನೋಡಿದವರಿಗೆ ಕೆಜಿಎಫ್ ಎಂದರೆ ಚಿನ್ನ, ನಮಗೆ ದಿಬ್ಬ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಾಗಿನಿಂದ ಗಣಿ ಮುಚ್ಚುವವರೆಗೆ ಇಲ್ಲಿಂದ ಸುಮಾರು 800 ಟನ್ ಚಿನ್ನ ಹೋಯಿತು. ಕೊನೆಕೊನೆಗೆ ಒಂದು ಟನ್ ಅದಿರು ಅರೆದರೆ ಸಿಗುತ್ತಿದ್ದದ್ದು ಮೂರ್ನಾಲ್ಕು ಗ್ರಾಂ. ಪುಸ್ತಕಕ್ಕೆ ಏರಿದ್ದು ಆ ಗ್ರಾಂಗಳು. ಉಳಿದ ಪುಡಿಯೆಲ್ಲ ದಿಬ್ಬವಾಗಿ ಇಲ್ಲೇ ಬಿತ್ತು. ಗಾಳಿ ಎದ್ದರೆ ಊರೊಳಗೆ ಬರುತ್ತದೆ. ಗಣಿಯೊಳಗಿನ ಕಲ್ಲಿನ ದೂಳು ತಾತನ ಎದೆಯಲ್ಲಿತ್ತು, ಕೊನೆಯವರೆಗೂ ಕೆಮ್ಮುತ್ತಲೇ ಇದ್ದರು.

ಲೆಕ್ಕಕ್ಕೆ ಬಾರದ ಒಳ್ಳೆಯದೂ ಇದೆ. ನಮ್ಮ ವಿಜ್ಞಾನಿಗಳು ಗಣಿಯ ಆಳಕ್ಕೆ ಉಪಕರಣ ಇಳಿಸಿ, 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಗುರುತಿಸಿದರು. ಜಗತ್ತಿನಲ್ಲೇ ಮೊದಮೊದಲ ಪತ್ತೆ ಅದು. ಅದರಿಂದ ಒಂದು ಗ್ರಾಂ ಚಿನ್ನವೂ ಹೆಚ್ಚಾಗಲಿಲ್ಲ. ನನ್ನ ಕ್ಲಾಸಿನಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ!

ಪ್ಯಾಕೇಜ್ ಎಂದರೂ ಆ ಮೂರ್ನಾಲ್ಕು ಗ್ರಾಂನ ಹಾಗೇ ಅನ್ನಿಸುತ್ತದೆ. ರೈಲಿನಲ್ಲಿ ಹೋದ ಗಂಟೆಗಳು, ಮಕ್ಕಳು ಮಲಗಿದ ಮೇಲೆ ಮನೆ ಸೇರುವ ಅಪ್ಪಂದಿರು, ನಾವು ಮಾಡುವ ಕೆಲಸದಿಂದ ಯಾರ ಮನೆಗೆ ದೂಳು ಹೋಗುತ್ತದೆ ಎಂಬುದು, ಯಾವುದೂ ಆಫರ್ ಲೆಟರ್‌ನಲ್ಲಿ ಇರುವುದಿಲ್ಲ. ಗೆಳೆಯರೇ, ಸಂಬಳ ನೋಡಿ, ಬೇಡ ಅನ್ನುವುದಿಲ್ಲ. ಜೊತೆಗೆ ಇದನ್ನೂ ಬರೆದುಕೊಂಡು ಕೂಡಿಸಿ, ಕಳೆಯಿರಿ. ಹಾಗೆ ಮಾಡಿದ ಮೇಲೂ ದೊಡ್ಡ ಪ್ಯಾಕೇಜನ್ನೇ ಆರಿಸಿದರೆ ತಪ್ಪೇನಿಲ್ಲ, ಮನೆ ಸಾಲ ಇರುವವರಿಗೆ ಬೇರೆ ದಾರಿಯೂ ಇರುವುದಿಲ್ಲ.

ನಾನು ಫೈನಲ್ ಇಯರ್ ಪ್ರಾಜೆಕ್ಟ್‌ಗೆ ದಿಬ್ಬದ ಮಣ್ಣನ್ನೇ ತೆಗೆದುಕೊಳ್ಳಬೇಕೆಂದಿದ್ದೇನೆ. ಅದರ ಮೇಲೆ ಏನು ಬೆಳೆದರೆ ದೂಳು ಏಳುವುದು ನಿಲ್ಲುತ್ತದೆ ಎಂದು ನೋಡಬೇಕು. ಆಮೇಲೆ ಪರಿಸರ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್. ಹೋದ ವಾರ ಅಪ್ಪನಿಗೆ ಹೇಳಿದೆ. ತುಂಬ ಹೊತ್ತು ಸುಮ್ಮನಿದ್ದರು.

'ಸಂಬಳ ಬರುತ್ತಾ?'

'ಬರುತ್ತೆ ಅಪ್ಪ. ಸ್ವಲ್ಪ ಕಡಿಮೆ.'

'ರಾತ್ರಿ ಊಟದ ಹೊತ್ತಿಗೆ ಮನೆಗೆ ಬರ್ತೀಯಾ?'

ಬರ್ತೀನಿ ಅಂದೆ. 'ಸರಿ, ನೋಡೋಣ' ಎಂದು ನಾಲ್ಕೂವರೆಗೆ ಅಲಾರಂ ಇಟ್ಟು ಮಲಗಿದರು.