ಮದ್ದು ಬೆರೆತ ನೀರು, ಬೆಳಕಿನ ಚಿಕಿತ್ಸೆ

ರೋಗಿಯ ದೇಹದಲ್ಲಿ ಇರಬೇಕಾದ ಔಷಧವು ಹಳ್ಳದ ನೀರಿನಲ್ಲಿ ದೊರೆಯುವಂತಾದರೆ ಅದನ್ನು ಔಷಧವೆನ್ನುವುದು ಉಚಿತವಲ್ಲ. ಹೈದರಾಬಾದಿನ ಸಮೀಪದ ಪಟಾನ್‌ಚೆರುವಿನಲ್ಲಿ, ಅನೇಕ ಔಷಧ ಕಾರ್ಖಾನೆಗಳ ತ್ಯಾಜ್ಯಜಲವನ್ನು ಸಂಸ್ಕರಿಸಿ ಹೊರಬಿಡುತ್ತಿದ್ದ ಕೇಂದ್ರವೊಂದರ ನೀರನ್ನು ಸ್ವೀಡನ್ನಿನ ಸಂಶೋಧಕರು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಲೇಖನದಂತೆ, ಅದರಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಇದ್ದಿತು. ಆ ಮಾತ್ರೆಯನ್ನು ನುಂಗಿದ ರೋಗಿಯ ರಕ್ತದಲ್ಲಿಯೂ ಅಷ್ಟು ಪ್ರಮಾಣವಿರುವುದಿಲ್ಲ. ಅದೂ ಸಂಸ್ಕರಣೆ ಮುಗಿದ ಮೇಲಿನ ನೀರು! ಇಂಥ ನೀರಿನಲ್ಲಿ ಮದ್ದಿಗೆ ಮಣಿಯದ ಸೂಕ್ಷ್ಮಾಣುಗಳೇ ಉಳಿದು ಬೆಳೆಯುತ್ತವೆ. ಆ ಗುಣವನ್ನು ಅನ್ಯಜಾತಿಯ ಸೂಕ್ಷ್ಮಾಣುಗಳಿಗೆ ದಾಟಿಸಲೂ ಬಲ್ಲವು. ಮುಂದೆ ಬಾಣಂತಿಗೋ ಹಸುಳೆಗೋ ಸೋಂಕು ತಗುಲಿದಾಗ ವೈದ್ಯರ ಕೈಯಲ್ಲಿ ಮದ್ದಿದ್ದೂ ಇಲ್ಲದಂತಾಗುತ್ತದೆ.

ಇದಕ್ಕೆ ವಿಜ್ಞಾನಿಗಳು ಬೆಳಕಿನ ಸಹಾಯವನ್ನು ಬೇಡಿದ್ದಾರೆ. ಬಿಳಿಯ ಬಣ್ಣದಲ್ಲಿ ಬೆರೆಸುವ ಟೈಟಾನಿಯಂ ಡೈ ಆಕ್ಸೈಡಿನ ಮೇಲೆ ಬೆಳಕು ಬಿದ್ದಾಗ ನೀರು ವಿಭಜನೆಗೊಳ್ಳುವುದನ್ನು ಜಪಾನಿನ ಫುಜಿಶಿಮಾ ಮತ್ತು ಹೊಂಡಾ 1972ರಲ್ಲಿ ಜಗತ್ತಿಗೆ ತಿಳಿಸಿದರು. ಬೆಳಕು ತಾಕಿದೊಡನೆ ಆ ವಸ್ತುವಿನ ಎಲೆಕ್ಟ್ರಾನು ತನ್ನ ನೆಲೆಯನ್ನು ಬಿಟ್ಟೇಳುತ್ತದೆ. ತೆರವಾದ ಎಡೆಯು ನೀರಿನಿಂದ ಹೈಡ್ರಾಕ್ಸಿಲ್ ರಾಡಿಕಲ್ ಎಂಬ ಉಗ್ರ ಕಣವನ್ನು ಹುಟ್ಟಿಸುತ್ತದೆ. ಅದು ಮದ್ದಿನ ಅಣುವನ್ನು ತುಂಡರಿಸುತ್ತದೆ. ಪುಡಿಯನ್ನು ನೀರಿಗೆ ಕಲಸಿದರೆ ಕಾರ್ಯ ಚುರುಕು. ಆದರೆ ಅತಿ ಸೂಕ್ಷ್ಮವಾದ ಆ ಪುಡಿಯನ್ನು ಮರಳಿ ಸೋಸಿ ತೆಗೆಯುವುದು ಪ್ರಯಾಸದ ಕೆಲಸ. ಗಾಜಿನ ಮೇಲೆ ತೆಳುಪದರವಾಗಿ ಹಿಡಿಸಿದರೆ ಆ ತೊಡಕಿಲ್ಲ, ಅದೇ ಗಾಜನ್ನು ಮತ್ತೆ ಮತ್ತೆ ಬಳಸಬಹುದು. ನೀರಿಗೆ ಸೋಂಕುವ ಮೈ ಕಡಿಮೆಯಾದ್ದರಿಂದ ವೇಗ ಮಾತ್ರ ಕುಂದುತ್ತದೆ. ಮೇಲಾಗಿ ಈ ವಸ್ತುವಿಗೆ ಬೇಕಾದುದು ನೇರಳಾತೀತ ಕಿರಣ. ನೆಲಕ್ಕಿಳಿಯುವ ಬಿಸಿಲಿನಲ್ಲಿ ಅದರ ಪಾಲು ಶೇಕಡ 5ರಷ್ಟು.

ಪ್ರಯೋಗಾಲಯದ ತಿಳಿನೀರಿನಲ್ಲಿ ಮದ್ದು ಮಾಯವಾಯಿತೆಂದು ಹಿಗ್ಗುವುದು ಅವಸರದ ಮಾತು. ಕಾರ್ಖಾನೆಯ ನೀರಿನಲ್ಲಿರುವ ಲವಣಗಳೂ ಸಾವಯವ ಕಶ್ಮಲಗಳೂ ಆ ರಾಡಿಕಲ್‌ಗಳನ್ನು ಮೊದಲೇ ಕಬಳಿಸುತ್ತವೆ. ಬಗ್ಗಡದಲ್ಲಿ ಬೆಳಕೇ ಇಳಿಯದು. ತುಂಡಾದ ಅಣುವಿನ ಚೂರುಗಳಲ್ಲಿಯೂ ಸೂಕ್ಷ್ಮಾಣುಗಳನ್ನು ಪೀಡಿಸುವ ಶಕ್ತಿ ಉಳಿದಿರಬಹುದಾದ್ದರಿಂದ, ಮೂಲ ಮದ್ದು ಹೋಯಿತೇ ಎಂದಷ್ಟೇ ಅಲ್ಲ, ಆ ಶಕ್ತಿಯೂ ಅಡಗಿತೇ ಎಂದು ಪರೀಕ್ಷಿಸುವುದು ಅಗತ್ಯ. ತೆಳುಪದರಕ್ಕೆ ಸಲ್ಲುವ ಸ್ಥಾನವು ಜೈವಿಕ ಸಂಸ್ಕರಣೆ, ಸೋಸುವಿಕೆಗಳು ಮುಗಿದ ಬಳಿಕ, ಕಟ್ಟಕಡೆಯದು. ಅದನ್ನು ತೋರಿಸಿ ಕಾರ್ಖಾನೆಯ ಬಾಗಿಲಲ್ಲಿಯೇ ಮದ್ದನ್ನು ತಡೆಯುವ ಹೊಣೆಯಿಂದ ನುಣುಚಿಕೊಳ್ಳಲು ಯಾರಿಗೂ ಎಡೆಗೊಡಬಾರದು. ಕೇಂದ್ರ ಪರಿಸರ ಮಂತ್ರಾಲಯವು 2020ರ ಜನವರಿಯಲ್ಲಿ ಔಷಧ ಕಾರ್ಖಾನೆಗಳ ತ್ಯಾಜ್ಯಜಲದಲ್ಲಿ ಇಂಥ ಮದ್ದುಗಳಿಗೆ ಮಿತಿ ವಿಧಿಸುವ ಕರಡನ್ನು ಹೊರಡಿಸಿತು. 2021ರ ಅಂತಿಮ ಅಧಿಸೂಚನೆಯಲ್ಲಿ ಆ ಮಿತಿಗಳು ಕಾಣಲಿಲ್ಲ. ಅವು ಮರಳಿ ಬಂದ ಹೊರತು ಗಾಜಿನ ಮೇಲಿನ ಪದರವು ಎಷ್ಟು ನೀರನ್ನು ತೊಳೆಯಬೇಕೆಂಬುದಕ್ಕೆ ಲೆಕ್ಕವೇ ಇರದು.